‘ಆಗತ್ತೆ ಬಿಡಮ್ಮಾ’ ಅನ್ನೋ ಮಗ

ಓದುಗರ ಪತ್ರ (ಸಂಕ್ಷಿಪ್ತವಾಗಿ): ನನ್ನ ಮಗನಿಗೆ 22 ವರ್ಷ. ಡಿಗ್ರಿ ಆಯ್ತು. ಅವನು ಬೇಗ ಸೆಟಲ್ ಆಗ್ಲಿ ಅನ್ನೋದು ನಮ್ಮ ಕನಸು. ಆದ್ರೆ ನಾವು ಅಂದ್ಕೊಂಡಿದ್ದ ದಾರಿ ಬಿಟ್ಟು ಬೇರೇನೋ ಮಾಡ್ತಾನಂತೆ. ಕೇಳಿದ್ರೆ ‘ಎಲ್ಲಾ ಒಳ್ಳೇದೇ ಆಗತ್ತೆ ಬಿಡಮ್ಮಾ’ ಅಂತಾನೆ. ಇದು ಭರವಸೆನೋ ಬೇಜವಾಬ್ದಾರಿನೋ?

ಸಂಪಾದಕರ ಉತ್ತರ: ತಾಯೀ, ನಿಮ್ಮ ಪತ್ರ ಎರಡು ಸಲ ಓದಿದೆ. ನಿಮ್ಮ ಭಯಕ್ಕೆ ಅರ್ಥ ಇಲ್ಲ ಅಂತ ಹೇಳಲ್ಲ. 1980ರಲ್ಲಿ ನೀಲ್ ವೈನ್‌ಸ್ಟೀನ್ ಅನ್ನೋ ಮನಶ್ಶಾಸ್ತ್ರಜ್ಞರು ಅಮೆರಿಕದ 258 ಕಾಲೇಜ್ ಹುಡುಗ ಹುಡುಗೀರ ಮುಂದೆ 42 ಘಟನೆಗಳ ಪಟ್ಟಿ ಇಟ್ಟು, ಇದು ಬೇರೆಯವರಿಗಿಂತ ನಿಮಗೆ ಆಗೋ ಚಾನ್ಸ್ ಎಷ್ಟು ಅಂತ ಕೇಳಿದ್ರು. ಒಳ್ಳೆ ಕೆಲಸ, ಸ್ವಂತ ಮನೆ ನಂಗೆ, ಡಿವೋರ್ಸು ಹಾರ್ಟ್ ಅಟ್ಯಾಕು ಮಿಕ್ಕವರಿಗೆ, ಇದೇ ಧಾಟೀಲಿ ಉತ್ತರ ಬಂತು. ಆದ್ರೆ 1987ರಲ್ಲಿ ಅವರೇ ಕಾಯಿಲೆ ಅಪಾಯಗಳ ಬಗ್ಗೆ ಬೇರೆ ಬೇರೆ ವಯಸ್ಸಿನವರನ್ನ ಕೇಳಿದಾಗ ದೊಡ್ಡವರೂ ಹಾಗೇ ಅಂದ್ರು, ಹಾಗಾಗಿ ಇದನ್ನ ಹುಡುಗು ಬುದ್ಧಿ ಅಂತ ಮಕ್ಕಳ ತಲೆಗೆ ಮಾತ್ರ ಕಟ್ಟಬೇಡಿ.

ನಿಮ್ಮ ಮಗನ ವಯಸ್ಸು ನೋಡಿದ ಕೂಡ್ಲೇ ನಂಗೆ ನೆನಪಾಗಿದ್ದು ವಿಕಾಸವಾದದ ಚಾರ್ಲ್ಸ್ ಡಾರ್ವಿನ್. ಅಪ್ಪ ಡಾಕ್ಟ್ರು, ತಾತ ಡಾಕ್ಟ್ರು, ಇವನೂ ಆಗ್ಲಿ ಅಂತ ಹದಿನಾರಕ್ಕೇ ಎಡಿನ್‌ಬರೋಗೆ ಕಳಿಸಿದ್ರು, ಆಪರೇಷನ್ ನೋಡೋಕಾಗದೆ ಹುಡುಗ ಎದ್ದು ಬಂದ. ಸರಿ, ಪಾದ್ರಿ ಆಗು ಅಂತ ಕೇಂಬ್ರಿಡ್ಜ್‌ಗೆ ಹಾಕಿದ್ರು. ಅದೂ ಮುಗಿದು 22ರ ವಯಸ್ಸಲ್ಲಿ, 1831ರಲ್ಲಿ, ಬೀಗಲ್ ಹಡಗಲ್ಲಿ ಲೋಕ ಸುತ್ತೋ ಆಹ್ವಾನ ಬಂತು, ಅಪ್ಪ ಬೇಡ ಅಂದ್ರು. ಆದ್ರೆ ಆ ಅಪ್ಪ ಒಂದು ಬಾಗಿಲು ತೆರೆದಿಟ್ಟಿದ್ರು ನೋಡಿ: ತಿಳುವಳಿಕೆ ಇರೋ ಒಬ್ಬರಾದ್ರೂ ಹೋಗು ಅಂದ್ರೆ ನಾನೂ ಒಪ್ತೀನಿ ಅಂದಿದ್ರು. ಮಗ ಅಪ್ಪನ ಎಂಟು ಆಕ್ಷೇಪಣೆಗಳನ್ನ ಹಾಳೆ ಮೇಲೆ ಬರೆದು ಸೋದರಮಾವ ಜೋಸಾಯ ವೆಜ್‌ವುಡ್ ಕೈಗಿಟ್ಟ, ಮಾವ ಒಂದೊಂದಕ್ಕೂ ಉತ್ತರ ಬರೆದ್ರು, ಅಪ್ಪ ಒಪ್ಪಿದ್ರು, ಖರ್ಚನ್ನೂ ಕೊಟ್ರು. ಮುಂದಿನದ್ದು ನಿಮಗೆ ಗೊತ್ತು.

ನಾನು ಪತ್ರಿಕೆ ಕೆಲಸಕ್ಕೆ ಹೋಗ್ತೀನಿ ಅಂದಾಗ ನಮ್ಮಪ್ಪ ಮೂರು ತಿಂಗಳು ಮಾತು ಬಿಟ್ಟಿದ್ರು. ಬೈದಿದ್ರೂ ಚೆನ್ನಾಗಿತ್ತು. ಅವರಿಗೆ ಏನು ಭಯ ಇತ್ತು ಅಂತ ನಂಗೆ ಇವತ್ತಿಗೂ ಗೊತ್ತಿಲ್ಲ, ಕೇಳೋಣ ಅಂದ್ರೆ ಈಗ ಅವರಿಲ್ಲ.

ನೀವು ‘ನಮ್ಮ ನಿರೀಕ್ಷೆ’ ಅಂತ ಬರೆದಿದ್ರೆ ಸುಮ್ನಿರ್ತಿದ್ದೆ, ‘ನಮ್ಮ ಕನಸು’ ಅಂತ ನಾಲ್ಕು ಕಡೆ ಬರೆದಿದ್ದೀರ. ಎರಡೂ ಬೇರೆ: ನಿರೀಕ್ಷೆ ಅಂದ್ರೆ ಮಗು ಇಷ್ಟು ಮಾಡಬಹುದು ಅನ್ನೋ ನಂಬಿಕೆ, ಕನಸು ಅಂದ್ರೆ ಇಷ್ಟು ಮಾಡ್ಲಿ ಅನ್ನೋ ಆಸೆ. ಜರ್ಮನಿಯ ಸುಮಾರು 3,500 ಸ್ಕೂಲ್ ಮಕ್ಕಳನ್ನ ಐದು ವರ್ಷ ಗಮನಿಸಿದ ಒಂದು ಅಧ್ಯಯನ 2016ರಲ್ಲಿ ಬಂತು. ಅಪ್ಪ ಅಮ್ಮಂಗೆ ಆಸೆ ಇರೋದ್ರಿಂದ ಮಕ್ಕಳ ಗಣಿತ ಸುಧಾರಿಸುತ್ತಂತೆ, ಆದ್ರೆ ಈ ಮಗು ಇಷ್ಟು ಮಾಡಬಹುದು ಅಂತ ಅವರೇ ನಂಬಿರೋದಕ್ಕಿಂತ ಆಸೆ ಮೇಲೆ ಹೋದ್ರೆ ಅದೇ ಗಣಿತ ಇಳಿಯುತ್ತಂತೆ. ಕೂಸು ಹುಟ್ಟೋಕ್ ಮುಂಚೆ ಕುಲಾವಿ ಅಂತ ಹುಡುಗರನ್ನ ಆಡ್ಕೋತೀವಿ, ಕುಲಾವಿ ಹೊಲಿದು ಇಟ್ಕೊಂಡಿರೋರು ನಾವೇ ಅಲ್ವಾ?

ಇನ್ನು ಆ ‘ಸೆಟಲ್’ ಅನ್ನೋ ಪದ! ನಮಗೆ ಬರೋ ಹೆತ್ತವರ ಪತ್ರಗಳಲ್ಲಿ ಅದಿಲ್ಲದ ಪತ್ರ ಸಿಗೋದೇ ಅಪರೂಪ. ಇಪ್ಪತ್ತೆರಡಕ್ಕೆ ಸೆಟಲ್ ಆಗಿಬಿಟ್ರೆ ಮಿಕ್ಕ ನಲವತ್ತು ಐವತ್ತು ವರ್ಷ ಅವನು ಏನು ಮಾಡಬೇಕು? ಮಗು ಮಾತು ಕಲಿಯೋಕ್ ಮುಂಚೆ ‘ದೊಡ್ಡೋನಾಗಿ ಏನಾಗ್ತೀಯ’ ಅಂತ ಶುರು ಮಾಡ್ತೀವಿ, ಅದೂ ಒಂದೇ ಪದದ ಉತ್ತರ ಬೇಕು ನಮಗೆ, ಎರಡು ಪದ ಹೇಳಿದ್ರೆ ಗೊಂದಲದಲ್ಲಿದ್ದಾನೆ ಅಂತೀವಿ. ಡಾರ್ವಿನ್ ಅಪ್ಪನ ಎಂಟು ಆಕ್ಷೇಪಣೆಗಳಲ್ಲೂ ಒಂದು ಇದೇ: ಹೋಗಿ ಬಂದ್ಮೇಲೆ ಇವನು ಎಲ್ಲೂ ನೆಲೆ ನಿಲ್ಲಲ್ಲ ಅಂತ.

ನಿಮ್ಮ ಮಗನ ‘ಆಗತ್ತೆ ಬಿಡಮ್ಮಾ’ ನಿಮ್ಮನ್ನ ಸಮಾಧಾನ ಮಾಡೋಕೆ ಅವನ ಹತ್ರ ಇರೋ ಒಂದೇ ಮಾತು ಅನ್ಸುತ್ತೆ ನಂಗೆ. ಬೇರೆ ಮಾತಾಡೋಕೆ ನೀವು ಬಿಟ್ಟಿದ್ದೀರಾ? ಇವತ್ತು ರಾತ್ರಿ ಒಂದು ಹಾಳೆ ತಗೊಂಡು ನಿಮ್ಮ ಭಯಗಳನ್ನ ಒಂದೊಂದಾಗಿ ಬರೀರಿ, ಎಂಟಿರಲಿ ಹದಿನೆಂಟಿರಲಿ, ನೆಂಟರು ಏನಂತಾರೋ ಅನ್ನೋ ಭಯ ಇದ್ರೆ ಅದನ್ನೂ ಮುಚ್ಚಿಡದೆ ಬರೀರಿ. ಅವನ ಕೈಗೆ ಕೊಡಿ. ಒಂದು ವಾರ ಟೈಮ್ ಕೊಡಿ, ನಡುವೆ ಕೇಳಬೇಡಿ. ಅವನು ಬರೆದು ಕೊಟ್ಟಿದ್ದನ್ನ ನಮಗೂ ಕಳಿಸಿ, ಹೆಸರು ಹಾಕದೆ ಪೂರ್ತಿ ಪ್ರಕಟಿಸ್ತೀವಿ.