ಇನ್ನೂರು ಲೈನ್‌ಗಳ ಲೆಕ್ಕದಲ್ಲಿ ಕಂಪ್ಯೂಟರ್ ಎಡವುವುದೇಕೆ?

ಪ್ರಶ್ನೆ: ನಾನು ಸಂಖ್ಯಾಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿನಿ. ದೂರವಾಣಿ ಕೇಂದ್ರದಲ್ಲಿ ಎಲ್ಲ ಲೈನ್‌ಗಳೂ ತುಂಬಿದ್ದು ಕರೆಯೊಂದು ವ್ಯರ್ಥವಾಗುವ ಸಂಭವನೀಯತೆಯನ್ನು ಎರ್ಲಾಂಗ್ ಸೂತ್ರದಿಂದ ಲೆಕ್ಕ ಹಾಕುತ್ತಿದ್ದೇನೆ. 10 ಲೈನ್‌ಗಳಿಗೆ ಉತ್ತರ ಬರುತ್ತದೆ. 180 ಎರ್ಲಾಂಗ್ ಹೊರೆಯ (ಲೈನ್‌ಗಳಿಗೆ ಮಿತಿಯಿಲ್ಲದಿದ್ದರೆ ಸರಾಸರಿ 180 ಕರೆಗಳು ಏಕಕಾಲಕ್ಕೆ ನಡೆಯುವಷ್ಟು ಹೊರೆ) 200 ಲೈನ್‌ಗಳಿಗೆ ಕಂಪ್ಯೂಟರ್ ಉತ್ತರವನ್ನೇ ಕೊಡುವುದಿಲ್ಲ. ಸೂತ್ರಕ್ಕೇ ಮಿತಿಯಿದೆಯೇ? ಸೂತ್ರವೇ ಇಲ್ಲದ ಸರತಿಗಳನ್ನು ಬಿಡಿಸುವುದು ಹೇಗೆ?
– ಓದುಗರು, ಧಾರವಾಡ

ಉತ್ತರ: ಸೂತ್ರದಲ್ಲಿ ದೋಷವಿಲ್ಲ. ಕೋಪನ್‌ಹೇಗನ್ನಿನ ದೂರವಾಣಿ ಕಂಪನಿಯಲ್ಲಿದ್ದ ಗಣಿತಜ್ಞ ಎ. ಕೆ. ಎರ್ಲಾಂಗ್ 1917ರಲ್ಲಿ ಪ್ರಕಟಿಸಿದ ಆ ಸೂತ್ರ ಎಷ್ಟು ಲೈನ್‌ಗಳಿದ್ದರೂ ನಿಜವೇ. ತೊಡಕು ಇರುವುದು ಅದನ್ನು ಬರೆದಂತೆಯೇ ಲೆಕ್ಕ ಹಾಕುವುದರಲ್ಲಿ. ಸೂತ್ರದಲ್ಲಿ 180ರ 200ನೆಯ ಘಾತವೂ 200ರ ಫ್ಯಾಕ್ಟೋರಿಯಲ್ಲೂ (1ರಿಂದ 200ರವರೆಗಿನ ಎಲ್ಲ ಸಂಖ್ಯೆಗಳ ಗುಣಲಬ್ಧ) ಬರುತ್ತವೆ. ಕಂಪ್ಯೂಟರಿನ ಸಾಮಾನ್ಯ ಡಬಲ್ ನಿಖರತೆಯಲ್ಲಿ (ಒಂದು ಸಂಖ್ಯೆಗೆ 64 ಬಿಟ್ ಜಾಗ ಕೊಡುವ ಪದ್ಧತಿ) 170ರ ಫ್ಯಾಕ್ಟೋರಿಯಲ್ ಹಿಡಿಸುತ್ತದೆ, 171ರದು ಹಿಡಿಸುವುದಿಲ್ಲ. ಕೊನೆಯ ಉತ್ತರ ಸೊನ್ನೆಗೂ ಒಂದಕ್ಕೂ ನಡುವಿನ ಪುಟ್ಟ ಸಂಖ್ಯೆಯಾಗಿದ್ದರೂ ನಡುದಾರಿಯ ದೈತ್ಯ ಸಂಖ್ಯೆಗಳು ಲೆಕ್ಕವನ್ನು ಮುರಿಯುತ್ತವೆ.

ಆದ್ದರಿಂದ ಲೈನ್‌ಗಳನ್ನು ಒಂದೊಂದಾಗಿ ಸೇರಿಸುತ್ತ ಹೋಗಿ. ಒಂದೂ ಲೈನ್ ಇಲ್ಲದಾಗ ನಷ್ಟದ ಸಂಭವನೀಯತೆ 1. ಪ್ರತಿ ಹಂತದಲ್ಲೂ ಹಿಂದಿನ ಉತ್ತರವನ್ನು ಹೊರೆಯಿಂದ ಗುಣಿಸಿ, ಆ ಗುಣಲಬ್ಧಕ್ಕೆ ಈಗಿನ ಲೈನ್‌ಗಳ ಸಂಖ್ಯೆಯನ್ನು ಕೂಡಿಸಿದರೆ ಬರುವ ಮೊತ್ತದಿಂದ ಅದೇ ಗುಣಲಬ್ಧವನ್ನು ಭಾಗಿಸಿ. ಹೊರೆ 2 ಎರ್ಲಾಂಗ್ ಆಗಿದ್ದರೆ ಒಂದು ಲೈನಿಗೆ 2/3, ಎರಡಕ್ಕೆ 0.4, ಮೂರಕ್ಕೆ 0.2105, ನಾಲ್ಕಕ್ಕೆ 0.0952 ಬರುತ್ತದೆ, ಇಷ್ಟನ್ನು ಕಾಗದದ ಮೇಲೆ ಒಮ್ಮೆ ಮಾಡಿಯೇ ನೋಡಬೇಕೆಂದು ನನ್ನ ಆಗ್ರಹ. ಇಲ್ಲಿ ದೈತ್ಯ ಸಂಖ್ಯೆಗಳಿಲ್ಲ ಎಂಬುದಷ್ಟೇ ಅಲ್ಲ, ಕಳೆಯುವ ಕ್ರಿಯೆಯೂ ಇಲ್ಲ. ಹೆಚ್ಚುಕಡಿಮೆ ಸಮನಾದ ಎರಡು ಸಂಖ್ಯೆಗಳನ್ನು ಕಳೆದಾಗ ಎಡಬದಿಯ ನಿಖರ ಅಂಕಿಗಳೆಲ್ಲ ಅಳಿದು, ಕೊನೆಗೆ ಉಳಿಯುವುದು ಬಹುಪಾಲು ದುಂಡಗಾಗಿಸುವಿಕೆಯ ದೋಷವೇ.

ನಿಮ್ಮ ಎರಡನೆಯ ಪ್ರಶ್ನೆಗೂ, ಕಳೆಯುವುದನ್ನು ತಪ್ಪಿಸುವ ಇದೇ ಎಚ್ಚರ ದಾರಿ ತೋರಿಸುತ್ತದೆ. ಸೂತ್ರವಿಲ್ಲದ ಸರತಿಯಲ್ಲಿ ಪ್ರತಿ ಸ್ಥಿತಿಗೂ (ಉದಾಹರಣೆಗೆ, ಸರತಿಯಲ್ಲಿ ಈಗ ಎಷ್ಟು ಮಂದಿ ಇದ್ದಾರೆ ಎಂಬುದು) ಒಳಬರುವ ಮತ್ತು ಹೊರಹೋಗುವ ಹರಿವು ಸಮನೆಂದು ಸಮೀಕರಣಗಳನ್ನು ಬರೆದು ಬಿಡಿಸಬೇಕಾಗುತ್ತದೆ. ಗೌಸ್ ವಿಧಾನದಲ್ಲಿ ಸ್ಥಿತಿಗಳನ್ನು ಒಂದೊಂದಾಗಿ ತೆಗೆಯುವಾಗ ಸಮೀಕರಣಗಳ ಗುಣಾಂಕಗಳ ಕೋಷ್ಟಕದಲ್ಲಿ ಕರ್ಣದ ಮೇಲಿರುವ ಅಂಶವನ್ನು ಕಳೆಯುವುದರಿಂದ ಪಡೆಯುತ್ತೇವೆ. ಗ್ರಾಸ್‌ಮನ್, ಟಕ್ಸಾರ್ ಮತ್ತು ಹೇಮನ್ 1985ರಲ್ಲಿ ಪ್ರಕಟಿಸಿದ ವಿಧಾನವು ಅದನ್ನು, ಆ ಸ್ಥಿತಿಯಿಂದ ಉಳಿದ ಸ್ಥಿತಿಗಳಿಗೆ ಹೋಗುವ ದರಗಳನ್ನು ಕೂಡಿಸಿಯೇ ಪಡೆಯುತ್ತದೆ. ಕೆಲವು ಸಾವಿರ ಸ್ಥಿತಿಗಳವರೆಗೆ ನಾನು ಇದನ್ನೇ ಆರಿಸಿಕೊಳ್ಳುತ್ತೇನೆ. ಲಕ್ಷಗಟ್ಟಲೆ ಇದ್ದರೆ ಗೌಸ್-ಸೈಡಲ್‌ನಂತಹ ಪುನರಾವರ್ತನೆಯ ವಿಧಾನಗಳು (ಒಂದು ಅಂದಾಜಿನಿಂದ ಹೊರಟು ಅದನ್ನೇ ಮತ್ತೆ ಮತ್ತೆ ತಿದ್ದುವಂಥವು) ಬೇಕಾಗುತ್ತವೆ. ಪ್ರೋಗ್ರಾಂ ಸಿದ್ಧವಾದಾಗ ಮೊದಲು ನಿಮ್ಮ 10 ಲೈನ್‌ಗಳ ಸಮಸ್ಯೆಯನ್ನೇ ಅದಕ್ಕೆ ಕೊಟ್ಟು, ಈಗಾಗಲೇ ಬಂದಿರುವ ಉತ್ತರದೊಂದಿಗೆ ತಾಳೆ ನೋಡಿ.