ಕಾರ್ಬೊರೇಟರಿಗೆ ಕೈ ಹಾಕುವ ಮುನ್ನ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮದು 1988ರ ಪ್ರೀಮಿಯರ್ ಪದ್ಮಿನಿ. ಮಳೆ ಹಿಡಿದಾಗಿನಿಂದ ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸುತ್ತಿದೆ. ಆದ ಮೇಲೂ ಇಂಜಿನ್ ತಪ್ಪಿ ತಪ್ಪಿ ಓಡುತ್ತದೆ. ಗ್ಯಾರೇಜಿನಲ್ಲಿ ಕಾರ್ಬೊರೇಟರ್ ಬದಲಿಸಿ ಎನ್ನುತ್ತಾರೆ. ಮನೆಯಲ್ಲೇ ಏನು ನೋಡಬಹುದು?
– ಓದುಗರು, ಡೊಂಬಿವಲಿ

ಉತ್ತರ: ಬದಲಿಸುವುದಿರಲಿ, ಪೆಟ್ರೋಲಿಗೆ ಗಾಳಿ ಬೆರೆಸುವ ಈ ಕಾರ್ಬೊರೇಟರನ್ನು ಸದ್ಯಕ್ಕೆ ಮುಟ್ಟಲೇಬೇಡಿ. ಮಳೆಯ ಜೊತೆ ಬಂದ ಕಾಯಿಲೆ ಹೆಚ್ಚಾಗಿ ಕರೆಂಟಿನ ಕಡೆಯದು, ಪೆಟ್ರೋಲಿನದಲ್ಲ.

ಮೊದಲು ಪ್ಲಗ್ಗುಗಳಿಗೆ ಸರದಿಯಂತೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪ್ ಬಿಚ್ಚಿ, ಒಳಗೆಲ್ಲ ಒಣ ಬಟ್ಟೆಯಿಂದ ಒರೆಸಿ, ಬೆಳಕಿಗೆ ಹಿಡಿಯಿರಿ. ಕ್ಯಾಪಿನೊಳಗಿನ ಒಂದು ಲೋಹದ ಕಂಬದಿಂದ ಇನ್ನೊಂದಕ್ಕೆ ಪೆನ್ಸಿಲಿನಿಂದ ಎಳೆದಂಥ ಸಣ್ಣ ಕಪ್ಪು ಗೆರೆ ಕಂಡರೆ ಕಿಡಿ ಪ್ಲಗ್ಗಿಗೆ ಹೋಗುವ ಬದಲು ಆ ದಾರಿಯಲ್ಲಿ ಸೋರಿಹೋಗುತ್ತಿದೆ ಎಂದರ್ಥ. ಗೆರೆಯನ್ನು ಕೆರೆದು ತೆಗೆದರೂ ಅದು ಮತ್ತೆ ಬರುತ್ತದೆ, ಹೊಸ ಕ್ಯಾಪ್ ಹಾಕಿ. ಕತ್ತಲಾದ ಮೇಲೆ ಬಾನೆಟ್ ತೆರೆದು, ಇಂಜಿನ್ ಓಡುತ್ತಿರುವಾಗ ಪ್ಲಗ್ ವೈರುಗಳನ್ನು ದೂರದಿಂದಲೇ ನೋಡಿ. ನೀಲಿ ಮಿಂಚು ಹರಿದಾಡಿದರೆ ವೈರುಗಳ ಕಾಲ ಮುಗಿದಿದೆ. ಹೊಸದು ಹಾಕುವಾಗ ಸಿಲಿಂಡರುಗಳಿಗೆ ಕಿಡಿ ಹೋಗುವ ಕ್ರಮ ತಪ್ಪಬಾರದು: 1-3-4-2.

ಆಮೇಲೆ ಪಾಯಿಂಟು, ಅಂದರೆ ಡಿಸ್ಟ್ರಿಬ್ಯೂಟರಿನೊಳಗೆ ತೆರೆದು ಮುಚ್ಚುತ್ತ ಕಿಡಿ ಹುಟ್ಟಿಸುವ ಸ್ವಿಚ್ಚು. ಇಗ್ನಿಷನ್ ಆಫ್ ಇರಲಿ. ನಾಲ್ಕು ಪ್ಲಗ್ಗುಗಳನ್ನೂ ಬಿಚ್ಚಿ, ನಾಲ್ಕನೇ ಗೇರಿಗೆ ಹಾಕಿ, ಸಮತಟ್ಟಾದ ಜಾಗದಲ್ಲಿ ಗಾಡಿಯನ್ನು ಇಷ್ಟಿಷ್ಟೇ ತಳ್ಳಿ. ಪಾಯಿಂಟಿನ ಫೈಬರ್ ಹಿಮ್ಮಡಿ, ಅದನ್ನು ತಿರುಗುತ್ತ ತೆರೆಯುವ ಕ್ಯಾಮಿನ ತುತ್ತತುದಿಗೆ ಬಂದಾಗ ಸಂದು ಪೂರ್ತಿ ತೆರೆದಿರುತ್ತದೆ. ಅಲ್ಲಿ 0.45 ಮಿಲಿಮೀಟರಿನ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ತುಸುವೇ ತಡೆಯುತ್ತ ಜಾರಬೇಕು. ಪಾಯಿಂಟಿನ ಒಂದು ಮುಖದಲ್ಲಿ ಗುಳಿ, ಎದುರು ಮುಖದಲ್ಲಿ ಉಬ್ಬು ಎದ್ದಿದ್ದರೆ ಪಾಯಿಂಟು ಸುಡದಂತೆ ಕಾಯುವ ಕಂಡೆನ್ಸರ್ ಮೇಲೆ ಸಂಶಯಪಡಿ. ಇಂಜಿನ್ ಕಾದ ಮೇಲೆ ನಿಂತು, ಆರಿದ ಮೇಲೆ ಸ್ಟಾರ್ಟ್ ಆಗುವ ಗಾಡಿಗಳಲ್ಲೂ ಅನೇಕ ಸಲ ಇದೇ ತಪ್ಪಿತಸ್ಥ. ಪಾಯಿಂಟು, ಕಂಡೆನ್ಸರ್ ಎರಡನ್ನೂ ಒಟ್ಟಿಗೇ ಬದಲಿಸುವುದು ಲೇಸು. ಪಾಲಿಶ್ ಪೇಪರಿನಿಂದ ಉಜ್ಜಬೇಡಿ, ಅದರ ಪುಡಿ ಮುಖದಲ್ಲಿ ಕೂತು ಪಾಯಿಂಟು ಬೇಗ ಸುಡುತ್ತದೆ. ಸಣ್ಣ ಅರ ಸಾಕು. ಕೊನೆಗೆ ಒಂದು ಒಣ ವಿಸಿಟಿಂಗ್ ಕಾರ್ಡನ್ನು ಸಂದಿನಲ್ಲಿ ಎಳೆಯಿರಿ, ಅದು ಬೆಳ್ಳಗೆ ಹೊರಬರುವವರೆಗೆ. ಕ್ಯಾಮಿಗೆ ಬೆಂಕಿಕಡ್ಡಿಯ ತಲೆಯಷ್ಟು ಗ್ರೀಸ್ ಹಚ್ಚಿ. ಹೆಚ್ಚಾದರೆ ಅದು ಸಿಡಿದು ಪಾಯಿಂಟಿಗೇ ಮೆತ್ತಿಕೊಳ್ಳುತ್ತದೆ.

ಬಹಳ ಮಂದಿ ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಸಂದು ಹಿಗ್ಗಿದರೆ ಟೈಮಿಂಗ್, ಅಂದರೆ ಕಿಡಿ ಹಾರುವ ಕ್ಷಣ, ಬೇಗನೆ ಬರುತ್ತದೆ, ಕುಗ್ಗಿದರೆ ತಡವಾಗುತ್ತದೆ. ಹಾಗಾಗಿ ಪಾಯಿಂಟು ಮುಟ್ಟಿದ ಮೇಲೆ ಟೈಮಿಂಗ್ ನೋಡಲೇಬೇಕು. 12 ವೋಲ್ಟಿನ ಸಣ್ಣ ಬಲ್ಬಿನ ಒಂದು ವೈರನ್ನು ಡಿಸ್ಟ್ರಿಬ್ಯೂಟರಿನ ಬದಿಯ ಟರ್ಮಿನಲ್ಲಿಗೆ, ಇನ್ನೊಂದನ್ನು ಬಾಡಿಗೆ ಹಿಡಿದು ಇಗ್ನಿಷನ್ ಹಾಕಿ. ಗಾಡಿಯನ್ನು ಮತ್ತೆ ಇಷ್ಟಿಷ್ಟೇ ತಳ್ಳುತ್ತ ಹೋದಂತೆ, ಇಂಜಿನ್ನಿನ ಟೈಮಿಂಗ್ ಗುರುತುಗಳು ಒಂದನೇ ಸಿಲಿಂಡರಿಗೆ ಕೂಡಿದ ಕ್ಷಣದಲ್ಲಿ ಪಾಯಿಂಟು ಬಿಚ್ಚಿ ಬಲ್ಬು ಹೊತ್ತಬೇಕು. ಬೇಗ ಅಥವಾ ತಡವಾಗಿ ಹೊತ್ತಿದರೆ ಡಿಸ್ಟ್ರಿಬ್ಯೂಟರಿನ ಕ್ಲಾಂಪ್ ಸಡಿಲಿಸಿ ಕೂದಲೆಳೆಯಷ್ಟು ತಿರುಗಿಸಿ. ಕೆಲಸ ಮುಗಿದ ತಕ್ಷಣ ಇಗ್ನಿಷನ್ ಆಫ್ ಮಾಡಿ, ಇಲ್ಲದಿದ್ದರೆ ಕಿಡಿಗೆ ಬೇಕಾದ ಹೈ ವೋಲ್ಟೇಜ್ ಕೊಡುವ ಕಾಯಿಲ್ ಕಾದು ಕೆಡುತ್ತದೆ.

ಪದ್ಮಿನಿ ಮುಂಬೈಯ ಕುರ್ಲಾದಲ್ಲೇ ಹುಟ್ಟಿದ ಗಾಡಿ. ಆದರೆ ಮುಂಬೈಯ ಕೊನೆಯ ಪದ್ಮಿನಿ ಟ್ಯಾಕ್ಸಿಯೂ 2023ರ ಅಕ್ಟೋಬರಿನಲ್ಲಿ ರಸ್ತೆ ಬಿಟ್ಟಿತು. ಸದ್ದು ಕೇಳಿಯೇ ಟೈಮಿಂಗ್ ಹೇಳುವ ಮೇಸ್ತ್ರಿಗಳು ಕಡಿಮೆಯಾಗುತ್ತಿದ್ದಾರೆ. ಇಷ್ಟು ಕೆಲಸ ಮಾಲೀಕರಿಗೇ ಬರುವುದು ಒಳ್ಳೆಯದು.

ಪ್ರಶ್ನೆ: ಪಾಯಿಂಟು, ಟೈಮಿಂಗ್ ಎಲ್ಲ ಸರಿಯಿದೆ. ಆದರೂ ಸಿಗ್ನಲ್ಲಿನಲ್ಲಿ ನಿಂತರೆ ಇಂಜಿನ್ ಆರಿಹೋಗುತ್ತದೆ. ಸೋಲೆಕ್ಸ್ ಕಾರ್ಬೊರೇಟರ್ ಟ್ಯೂನ್ ಮಾಡುವುದು ಹೇಗೆ?
– ಓದುಗರು, ಪುಣೆ

ಉತ್ತರ: ಇಂಜಿನ್ ಚೆನ್ನಾಗಿ ಬಿಸಿಯಾಗಿರಲಿ, ಚೋಕ್ ಪೂರ್ತಿ ತೆರೆದಿರಲಿ (ಎಳೆದಿಟ್ಟಿರಬಾರದು). ಮಿಕ್ಸ್‌ಚರ್ ಸ್ಕ್ರೂವನ್ನು (ಪೆಟ್ರೋಲ್-ಗಾಳಿ ಮಿಶ್ರಣ ಹೊಂದಿಸುವುದು) ಮೆಲ್ಲಗೆ ಒಳಗೆ ಕೂರಿಸಿ ಒಂದೂವರೆ ಸುತ್ತು ಹೊರಗೆ ತನ್ನಿ. ಬಿಗಿದರೆ ಅದರ ಸೂಜಿಯಂಥ ತುದಿಗೆ ಕಚ್ಚು ಬೀಳುತ್ತದೆ, ಮತ್ತೆಂದೂ ಸರಿಹೊಂದುವುದಿಲ್ಲ. ಇಂಜಿನ್ ಅತಿ ವೇಗವಾಗಿ, ನಯವಾಗಿ ಓಡುವ ಜಾಗ ಸಿಗುವವರೆಗೆ ಕಾಲು ಕಾಲು ಸುತ್ತು ತಿರುಗಿಸಿ, ಬಳಿಕ ಐಡಲ್ ಸ್ಕ್ರೂನಿಂದ (ಗಾಡಿ ನಿಂತಾಗಿನ ಇಂಜಿನ್ ವೇಗ ಹೊಂದಿಸುವುದು) ವೇಗ ಇಳಿಸಿ. ಇದನ್ನು ಎರಡು ಮೂರು ಸಲ ಮಾಡಿ.

ಸ್ಕ್ರೂ ಎಷ್ಟು ತಿರುಗಿಸಿದರೂ ಇಂಜಿನ್ ಲೆಕ್ಕಿಸದಿದ್ದರೆ ನಿಂತಾಗ ಪೆಟ್ರೋಲ್ ಬಿಡುವ ಸಣ್ಣ ತೂತಿನ ಐಡಲ್ ಜೆಟ್ ಕಟ್ಟಿದೆ. ಬಿಚ್ಚಿ ಗಾಳಿ ಊದಿ, ತಂತಿ ಮಾತ್ರ ತೂರಿಸಬೇಡಿ, ತೂತು ದೊಡ್ಡದಾದರೆ ಜೆಟ್ ಕೆಟ್ಟಂತೆಯೇ. ಜೆಟ್ ಶುದ್ಧವಿದ್ದರೂ ಹಾಗೇ ಆದರೆ ಕಾರ್ಬೊರೇಟರ್ ಬುಡದ ಗ್ಯಾಸ್ಕೆಟ್ಟಿಗೂ ಥ್ರಾಟಲ್ ಸ್ಪಿಂಡಲ್ಲಿನ (ಆಕ್ಸಿಲರೇಟರ್ ಒತ್ತಿದಾಗ ತಿರುಗುವ ಸಲಾಕೆ) ಎರಡೂ ಬದಿಗೂ ಸೋಪಿನ ನೀರು ಹನಿಸಿ. ಸದ್ದು ಬದಲಾದಲ್ಲಿ ಕಳ್ಳ ಗಾಳಿ ನುಗ್ಗುತ್ತಿದೆ. ಸ್ಪಿಂಡಲ್ ಸವೆದಿದ್ದರೆ ಲೇತಿನಲ್ಲಿ ಬುಶ್ ಹಾಕಿಸದೆ ಯಾವ ಟ್ಯೂನಿಂಗೂ ನಿಲ್ಲದು. ಪುಣೆಯಲ್ಲಿ ಗ್ಯಾಸ್ಕೆಟ್ ಕಿಟ್‌ಗೆ ನಾನಾ ಪೇಠ್ ಬಡಾವಣೆಯ ಅಂಗಡಿಗಳಲ್ಲಿ ವಿಚಾರಿಸಿ.

ಪ್ರಶ್ನೆ: ಹಳೆಯ ಕಾರು ಮಳೆಗಾಲವೆಲ್ಲ ನಿಂತಿತ್ತು. ಈಗ ಬಾನೆಟ್ ತೆರೆದರೆ ಪೆಟ್ರೋಲ್ ವಾಸನೆ.
– ಓದುಗರು, ವಾಸ್ಕೊ

ಉತ್ತರ: ಸ್ಟಾರ್ಟ್ ಮಾಡುವ ಮೊದಲು ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಎಳೆದು ಮೂಸಿ. ಆಯಿಲ್ ಮಟ್ಟ ಏರಿದ್ದು ಪೆಟ್ರೋಲ್ ವಾಸನೆ ಬಂದರೆ ಮೆಕ್ಯಾನಿಕಲ್ ಪೆಟ್ರೋಲ್ ಪಂಪಿನ ಡಯಾಫ್ರಂ (ಒಳಗಿನ ತೆಳು ಪೊರೆ) ಹರಿದು ಪೆಟ್ರೋಲ್ ಇಂಜಿನ್ ತಳದ ಆಯಿಲ್ ತೊಟ್ಟಿಗೆ ಇಳಿದಿರಬಹುದು. ತೆಳುವಾದ ಆಯಿಲ್ ಬೇರಿಂಗ್ ಕಾಯುವುದಿಲ್ಲ, ದಯವಿಟ್ಟು ಹಾಗೇ ಓಡಿಸಬೇಡಿ. ಪಂಪ್ ಕಿಟ್ ಹಾಕಿ, ಆಯಿಲ್ ಮತ್ತು ಫಿಲ್ಟರ್ ಬದಲಿಸಿ.

ಈಗ ಬಂಕುಗಳಲ್ಲಿ ಸಿಗುವ ಇ20 (ಶೇಕಡಾ 20 ಎಥನಾಲ್ ಬೆರೆತ) ಪೆಟ್ರೋಲಿನ ಎಥನಾಲ್ ಗಾಳಿಯ ತೇವ ಹೀರುತ್ತದೆ. ಕರಾವಳಿಯಲ್ಲಿ ಕೇಳುವುದೇ ಬೇಡ. ನೀರು ಹೆಚ್ಚಾದರೆ ಎಥನಾಲ್ ಸಮೇತ ತಳಕ್ಕಿಳಿದು ಕಾರ್ಬೊರೇಟರಿನ ಬಟ್ಟಲಲ್ಲಿ ಬಿಳಿ ಪುಡಿ ಏಳುತ್ತದೆ. ಹಳೆಯ ರಬ್ಬರ್ ಉಬ್ಬಿ ಬಿರಿಯುತ್ತದೆ. ಪೆಟ್ರೋಲ್ ಪೈಪುಗಳನ್ನು ಎಥನಾಲ್ ತಡೆಯುವ ದರ್ಜೆಯವಕ್ಕೆ ಬದಲಿಸಿ, ಬಟ್ಟಲಿಗೆ ಬರುವ ಪೆಟ್ರೋಲ್ ತಡೆಯುವ ನೀಡಲ್ ವಾಲ್ವಿಗೆ ವೈಟಾನ್ ಎಂಬ ರಬ್ಬರಿನ ತುದಿಯದು ಕೇಳಿ. ಮುಂದಿನ ಮಳೆಗಾಲಕ್ಕೆ ಗಾಡಿ ನಿಲ್ಲಿಸುವ ಮುನ್ನ ಟ್ಯಾಂಕ್ ತುಂಬಿಸಿ, ಪಂಪಿನ ಪೈಪ್ ಕಳಚಿ ಬಾಯಿ ಮುಚ್ಚಿ, ಬಟ್ಟಲು ಬರಿದಾಗಿ ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ. ಇದೆಲ್ಲ ಬಯಲಲ್ಲೇ ನಡೆಯಲಿ, ಬ್ಯಾಟರಿಯ ನೆಗೆಟಿವ್ ಬಿಚ್ಚಿಯೇ ಪೈಪ್ ಮುಟ್ಟಿ, ಬಾಯಿ ಮುಚ್ಚಿದ ಮೇಲೆ ಮತ್ತೆ ಜೋಡಿಸಿ ಇಂಜಿನ್ ಓಡಿಸಿ, ಬೆಂಕಿ ಆರಿಸುವ ಸಿಲಿಂಡರ್ ಕೈಗೆಟುಕುವಂತಿರಲಿ.