ಅಪ್ಪನ ಬಯಾಪ್ಸಿ ರಿಪೋರ್ಟ್‌ನಲ್ಲಿ ಅಡೆನೋಮ ಅಂತ ಬಂದಿದೆ, ಇದು ಕ್ಯಾನ್ಸರಾ?

ನಿಮ್ಮ ತಂದೆಗೆ 56 ವರ್ಷ. ಕೊಲೊನೋಸ್ಕೋಪಿಯಲ್ಲಿ, ಅಂದರೆ ದೊಡ್ಡ ಕರುಳಿನೊಳಗೆ ಕ್ಯಾಮೆರಾ ಬಿಟ್ಟು ನೋಡುವ ಪರೀಕ್ಷೆಯಲ್ಲಿ, ಎರಡು ಪಾಲಿಪ್ (ಕರುಳಿನ ಒಳಗೋಡೆಯಲ್ಲಿ ಏಳುವ ಗಂಟು) ತೆಗೆದಿದ್ದಾರೆ. ರಿಪೋರ್ಟ್‌ನಲ್ಲಿ 'ಟ್ಯೂಬ್ಯುಲರ್ ಅಡೆನೋಮ, ಲೋ ಗ್ರೇಡ್ ಡಿಸ್‌ಪ್ಲೇಸಿಯಾ' ಅಂತಿದೆ. ಇದು ಕ್ಯಾನ್ಸರಾ, ನನಗೂ ಬರುತ್ತಾ ಅಂತ ಕೇಳಿದ್ದೀರಿ.

ಕ್ಯಾನ್ಸರ್ ಅಲ್ಲ. ಅಡೆನೋಮ ಅನ್ನುವುದು ಪಾಲಿಪ್‌ನ ಒಂದು ಬಗೆ, ಟ್ಯೂಬ್ಯುಲರ್ ಅಂದರೆ ಅದರ ಗ್ರಂಥಿಗಳು ಕೊಳವೆಯ ಹಾಗಿವೆ, ಲೋ ಗ್ರೇಡ್ ಡಿಸ್‌ಪ್ಲೇಸಿಯಾ ಅಂದರೆ ಜೀವಕೋಶಗಳು ಸ್ವಲ್ಪವೇ ಬದಲಾಗಿವೆ. ನಾನು ಪೆಥಾಲಜಿಸ್ಟ್, ಇಂಥ ಸ್ಲೈಡ್‌ಗಳನ್ನು ನೋಡುವುದೇ ನನ್ನ ಕೆಲಸ.

ದೊಡ್ಡ ಕರುಳಿನ ಒಳಪದರದ ಜೀವಕೋಶಗಳು ಸದಾ ಹೊಸದಾಗುತ್ತಿರುತ್ತವೆ. ಅವುಗಳ ಬೆಳವಣಿಗೆಯನ್ನು ಹಿಡಿತದಲ್ಲಿಡುವ ಎಪಿಸಿ ಅನ್ನೋ ಜೀನ್ ಕೆಟ್ಟರೆ ಅಲ್ಲಿ ಸಣ್ಣ ಗಂಟು ಏಳುತ್ತದೆ. ಹೆಚ್ಚಿನ ಅಡೆನೋಮಗಳು ಶುರುವಾಗುವುದೇ ಹೀಗೆ. ಅದು ಕ್ಯಾನ್ಸರ್ ಆಗಬೇಕಾದರೆ ಇನ್ನಷ್ಟು ಜೀನ್‌ಗಳು ಕೆಡಬೇಕು, ಅದಕ್ಕೆ ಸಾಮಾನ್ಯವಾಗಿ ಹತ್ತು ವರ್ಷವೋ ಅದಕ್ಕಿಂತ ಜಾಸ್ತಿಯೋ ಹಿಡಿಯುತ್ತದೆ. ಬಹುಪಾಲು ಅಡೆನೋಮಗಳು ಅಲ್ಲಿಗೆ ಮುಟ್ಟುವುದೇ ಇಲ್ಲ. ನಿಮ್ಮ ತಂದೆಯವನ್ನು ತೆಗೆದೇ ಹಾಕಿದ್ದಾರಲ್ಲ, ಆ ಎರಡರ ಚಿಂತೆ ಬಿಡಿ.

ಆದರೆ ಗಂಟು ಬೆಳೆಸಿದ ಕರುಳು ಅದೇ ಇದೆ, ಅಲ್ವಾ? ಮತ್ತೊಂದು ಬರಬಹುದು. ಎಷ್ಟು ಬೇಗ ಮತ್ತೆ ನೋಡಬೇಕು ಅನ್ನುವುದು ಪಾಲಿಪ್ ಎಷ್ಟಿದ್ದವು, ಎಷ್ಟು ದೊಡ್ಡವು, ಯಾವ ಬಗೆಯವು ಅನ್ನುವುದರ ಮೇಲೆ ನಿಂತಿದೆ. ಅಮೆರಿಕದ 2020ರ ಮಾರ್ಗಸೂಚಿ ಪ್ರಕಾರ, 10 ಮಿ.ಮೀ.ಗಿಂತ ಚಿಕ್ಕ ಟ್ಯೂಬ್ಯುಲರ್ ಅಡೆನೋಮ ಒಂದೆರಡು ಇದ್ದರೆ ಮುಂದಿನ ಕೊಲೊನೋಸ್ಕೋಪಿ 7ರಿಂದ 10 ವರ್ಷಕ್ಕೆ. 10 ಮಿ.ಮೀ. ಅಥವಾ ದೊಡ್ಡದಿದ್ದರೆ, ವಿಲ್ಲಸ್ ಭಾಗ (ಬೆರಳಿನ ಹಾಗೆ ಚಾಚಿದ ಬೆಳವಣಿಗೆ) ಇದ್ದರೆ, ಹೈ ಗ್ರೇಡ್ (ಜೀವಕೋಶಗಳು ತುಂಬಾ ಬದಲಾಗಿವೆ) ಅಂತಿದ್ದರೆ 3 ವರ್ಷಕ್ಕೇ. ಕರುಳು ಪೂರ್ತಿ ಸ್ವಚ್ಛವಾಗಿತ್ತು, ಕೊನೆತನಕ ನೋಡಿದ್ದಾರೆ ಅಂತಾದರೆ ಮಾತ್ರ ಈ ಲೆಕ್ಕ.

ಹಾಗಾಗಿ ಬಯಾಪ್ಸಿ ರಿಪೋರ್ಟ್ ಒಂದನ್ನೇ ಹಿಡಿದು ಕೂರಬೇಡಿ. ಪಾಲಿಪ್ ಎಷ್ಟೋ ಸಲ ತುಂಡುತುಂಡಾಗಿ ನಮ್ಮ ಕೈಗೆ ಬರುತ್ತದೆ, ನಿಜವಾದ ಗಾತ್ರ ನಮಗೆ ಸಿಗುವುದಿಲ್ಲ. ಅದು ಕೊಲೊನೋಸ್ಕೋಪಿ ರಿಪೋರ್ಟ್‌ನಲ್ಲಿರುತ್ತದೆ. ಎರಡನ್ನೂ ಜೋಪಾನವಾಗಿಡಿ, ಮುಂದಿನದು ಯಾವಾಗ ಅಂತ ಡಾಕ್ಟರ್ ಹತ್ತಿರ ಬರೆಸಿಕೊಳ್ಳಿ.

'ಅಬೆರಂಟ್ ಕ್ರಿಪ್ಟ್ ಫೋಸೈ' ಬಗ್ಗೆ ಓದಿ ಹೆದರಿದ್ದೀರಿ ಅಂತಲೂ ಬರೆದಿದ್ದೀರಿ. ಅಂದರೆ ಕರುಳಿನ ಒಳಪದರದ ಪುಟ್ಟ ಕುಳಿಗಳು ಅಸಹಜವಾಗಿರುವ ಗುಂಪು. ಅದು ಪಾಲಿಪ್‌ಗಿಂತ ಹಿಂದಿನ ಹಂತ, ಬಣ್ಣ ಹಾಕಿ ದೊಡ್ಡದು ಮಾಡಿ ನೋಡಿದರೆ ಮಾತ್ರ ಕಾಣುವಷ್ಟು ಸಣ್ಣದು. 1987ರಲ್ಲಿ ಇಲಿಗಳ ಕರುಳಿನಲ್ಲಿ ಮೊದಲು ಗುರುತಿಸಿದರು. ಸಂಶೋಧನೆಗೆ ಅದು ಬೇಕು. ಆಸ್ಪತ್ರೆಯಲ್ಲಿ ಅದನ್ನು ಎಣಿಸಿ ಯಾರ ಅಪಾಯವನ್ನೂ ಲೆಕ್ಕ ಹಾಕುವುದಿಲ್ಲ.

ಇನ್ನು ನಿಮ್ಮ ವಿಷಯ. ತಂದೆಯ ಪಾಲಿಪ್ ಚಿಕ್ಕವಾಗಿದ್ದು, ಮನೆಯಲ್ಲಿ ಬೇರೆ ಯಾರಿಗೂ ಕರುಳಿನ ಕ್ಯಾನ್ಸರ್ ಇಲ್ಲದಿದ್ದರೆ ನೀವು ಈಗಲೇ ಓಡಬೇಕಿಲ್ಲ. ದೊಡ್ಡದಿದ್ದರೆ ನೀವೂ ಒಡಹುಟ್ಟಿದವರೂ 40ಕ್ಕೇ ಪರೀಕ್ಷೆ ಶುರು ಮಾಡುವುದು ಒಳ್ಳೆಯದು.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಮೋಷನ್‌ನಲ್ಲಿ ರಕ್ತ ಕಂಡರೆ ನಮ್ಮಲ್ಲಿ ಉಷ್ಣ ಅಂತಲೋ ಪೈಲ್ಸ್ ಅಂತಲೋ ಸುಮ್ನೆ ಇದ್ದುಬಿಡುತ್ತಾರೆ. ತಂದೆಗೆ ಹಾಗೇನಾದರೂ ಆದರೆ ಮುಂದಿನ ತಾರೀಕಿಗೆ ಕಾಯದೆ ಕೂಡಲೇ ತೋರಿಸಿ.